ನಾನೂರ ಹದಿನೇಳನೆಯ ಬಂದೂಕು

ಫೆಬ್ರವರಿ ೩, ಸೋಮವಾರ

ನನಗೆ ಕೆಲಸ ಸಿಕ್ಕಿತು, ಮದುವೆಯಾದ ಹತ್ತೊಂಬತ್ತನೇ ದಿನಕ್ಕೇ ಕೆಲಸ ಸಿಕ್ಕಿತು, ಅದೂ ಬಂದೂಕುಗಳ ನಡುವೆ! ಯಾರಿಗಾದರೂ ಕೂಗಿ ಹೇಳಬೇಕು ಅನ್ನಿಸಿ ಕಿಟಕಿ ತೆರೆದೆ. ಕೆಳಗಿನ ಬೀಗ ರಿಪೇರಿ ಅಂಗಡಿಯವನು ತಲೆ ಎತ್ತಿ ನೋಡಿದ. ಹೊಸ ಸೊಸೆ ಕಿಟಕಿಯಲ್ಲಿ ನಿಂತು ಕಿರುಚಿದಳು ಅಂತ ಆಗುವುದು ಬೇಡ ಎಂದು ಮುಚ್ಚಿ ಈ ಡೈರಿ ತೆಗೆದೆ. ಶಾಲೆಯಲ್ಲಿ ನಾನು ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ವಾರಕ್ಕೆ ಮೂರು ಪೀರಿಯಡ್ ಅಷ್ಟೇ. ಆದರೂ ಖುಷಿ ಉಕ್ಕಿದಾಗ ಕೈ ಕನ್ನಡಕ್ಕೇ ಓಡುತ್ತದೆ. ಯಾಕೋ ಏನೋ!

ನಡೆದದ್ದು ಹೀಗೆ. ಮಾವ ಇಲ್ಲಿನ ಮ್ಯೂಸಿಯಮ್ಮಿನಲ್ಲಿ ಬಂದೂಕು ಕೋಣೆ ನೋಡಿಕೊಳ್ಳುತ್ತಾರೆ, ಮೂವತ್ತೊಂದು ವರ್ಷದಿಂದ. ಎಲ್ಲವೂ ಬ್ರಿಟಿಷ್ ಸೈನ್ಯದ ಹಳೇ ಬಂದೂಕುಗಳು. ಯಾವುದು ಯಾವ ಪಟಾಲಮ್ಮಿನದು ಎಂದು ಅವುಗಳ ಮೇಲೇ ಅಕ್ಷರ, ಸಂಖ್ಯೆ ಒತ್ತಿರುತ್ತಾರಂತೆ. ನಾಲ್ಕು ತಿಂಗಳಲ್ಲಿ ಅದನ್ನೆಲ್ಲ ಓದಿ ಪಟ್ಟಿ ಮಾಡಿಕೊಡಿ ಎಂದು ಮೇಲಧಿಕಾರಿ ಹೇಳಿದ್ದಾರೆ. ಮಾವನ ಕಣ್ಣಿಗೋ ಪೊರೆ ಬಂದಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಇವರು (ನನ್ನ ಇವರು! ಬರೆಯುವಾಗಲೇ ಕಚಗುಳಿ) ಹೇಳಿದರು: "ಅಪ್ಪಾ, ಮನೇಲೇ ಇಂಗ್ಲಿಷ್ ಮೀಡಿಯಂ ಕೂತಿದೆಯಲ್ಲ. ಅವಳ ಹತ್ರ ಓದಿಸ್ಕೊಳ್ಳಿ."

ಮಾವ ನನ್ನ ಜೊತೆ ನೇರವಾಗಿ ಮಾತಾಡುವುದಿಲ್ಲ. ಗೋಡೆಯ ಜೊತೆ ಮಾತಾಡುತ್ತಾರೆ. "ಯಾರಾದ್ರೂ ಚಹಾ ಕೊಟ್ರೆ ಕುಡೀಬಹುದು" ಎಂದು ಗೋಡೆಗೆ ಹೇಳಿದರೆ ನಾನು ಓಡಿಹೋಗಿ ಚಹಾ ಮಾಡಬೇಕು. ಇವತ್ತು ಗೋಡೆಗೆ, "ಬರೋದಾದ್ರೆ ಎಂಟೂವರೆಗೆ ಬರಬಹುದು" ಅಂದರು. ನಾನು ಎದ್ದು ಕುಣಿಯುವುದೊಂದು ಬಾಕಿ.

"ಕೆಲಸ ಸಿಕ್ಕಿದ್ದು ಗೋಡೆಗೆ ಕಣೇ, ನೀನ್ಯಾಕೆ ಹಲ್ಲು ಕಿರಿತೀಯ?" ಅಂದರು ದೊಡ್ಡತ್ತೆ. ದೊಡ್ಡತ್ತೆ ಅಂದರೆ ಮಾವನ ಅಕ್ಕ. ಅತ್ತೆ ತೀರಿಹೋದ ಮೇಲೆ ಈ ಮನೆಯ ಬಾಯಿ ಅವರದೇ.

ಫೆಬ್ರವರಿ ೪, ಮಂಗಳವಾರ

ತಲೆ ಗಿರಗಿಟ್ಟಲೆ ತಿರುಗುತ್ತಿದೆ.

ಉದ್ದನೆಯ ಕೋಣೆ, ಎತ್ತರದಲ್ಲಿ ಕಿಟಕಿಗಳು, ಅಗಸೆ ಎಣ್ಣೆಯ ವಾಸನೆ. ಮರದ ಚೌಕಟ್ಟುಗಳಲ್ಲಿ ಹನ್ನೆರಡು ಹನ್ನೆರಡಾಗಿ ಬಂದೂಕುಗಳು ನಿಂತಿವೆ, ಶಾಲೆಯ ಪ್ರಾರ್ಥನೆಯ ಸಾಲಿನ ಹಾಗೆ. ಭುಜಕ್ಕೆ ಒತ್ತಿಕೊಳ್ಳುವ ದಪ್ಪ ಮರದ ಭಾಗಕ್ಕೆ ಇಲ್ಲಿ ಬಟ್ ಅನ್ನುತ್ತಾರೆ. ಅದರ ಬಲಗಡೆ ಒಂದು ಹಿತ್ತಾಳೆ ಬಿಲ್ಲೆ, ನಡುವೆ ಒಂದೇ ಸ್ಕ್ರೂ. ಬಿಲ್ಲೆಯ ಮೇಲೆ ಪಟಾಲಮ್ಮಿನ ಅಕ್ಷರಗಳು, ನಡುವೆ ಒಂದು ಸಂಖ್ಯೆ, ಕೆಳಗೆ ತಿಂಗಳು, ವರ್ಷ. ಅಕ್ಷರವೇನೋ ಇಂಗ್ಲಿಷಿನದೇ, ಆದರೆ ಅದು ಇಂಗ್ಲಿಷೇ ಅಲ್ಲ! ಒಂದು ಚುಕ್ಕೆ, ಒಂದು ವಿ, ಅರ್ಧ ಸವೆದ ಇನ್ನೇನೋ, ನಡುವೆ ಮುನ್ನೂರ ಎಂಬತ್ತು. ನಾನು ಶೇಕಡ ಎಂಬತ್ತೊಂಬತ್ತು ತೆಗೆದವಳು, ಕಣ್ಣು ಕಣ್ಣು ಬಿಟ್ಟೆ.

ಕೊನೆಗೆ ಬುದ್ಧಿ ಓಡಿಸಿದೆ. ಬಂದೂಕಿನ ಬದಿಯಲ್ಲಿ ಕಿರೀಟ, ಅದರ ಕೆಳಗೆ ರಾಣಿ ವಿಕ್ಟೋರಿಯಾಳ ಅಕ್ಷರಗಳು ಇರುವುದನ್ನು ನೋಡಿದ್ದೆ. ಅದಕ್ಕೇ ಬಿಲ್ಲೆಯ ವಿ ಕೂಡ ರಾಣಿಯೇ ಎಂದು ಜಂಬದಿಂದ, "ಮಾವ, ಇದು ಸ್ವತಃ ವಿಕ್ಟೋರಿಯಾ ರಾಣಿಯ ಬಂದೂಕು!" ಅಂದೆ.

ಮಾವ ಕಿಟಕಿ ಕಡೆ ತಿರುಗಿದರು. ಅವರ ಭುಜ ಅಲುಗುತ್ತಿತ್ತು. "ರಾಣಿಗೆ ಮುನ್ನೂರ ಎಂಬತ್ತು ಬಂದೂಕು ಯಾಕೆ ಬೇಕಿತ್ತೋ," ಎಂದು ಕಿಟಕಿಯನ್ನು ಕೇಳಿದರು.

ಅಲ್ಲಿ ವಿ ಅಂದರೆ ವಾಲಂಟಿಯರ್ ಅಂತೆ, ಸ್ವಂತ ಇಷ್ಟದಿಂದ ಸೇರಿದವರ ಪಟಾಲಂ. ಸಂಖ್ಯೆ ಅಂದರೆ ಆ ಪಟಾಲಮ್ಮಿನಲ್ಲಿ ಆ ಬಂದೂಕಿನ ಸಂಖ್ಯೆ. ಒಬ್ಬ ಸಿಪಾಯಿಗೆ ಒಂದು.

ಸಂಜೆ ಇವರಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಇವರು ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ, ಅದೂ ಒಂದೇ ಕೆನ್ನೆಯಲ್ಲಿ!

ಫೆಬ್ರವರಿ ೬, ಗುರುವಾರ

ಇವತ್ತಿನ ಪಾಠ: ಮೂರು ಗೀರಿನ ಬಾಣ ಕಂಡರೆ ಸರ್ಕಾರದ ಸೊತ್ತು. ನಾನು ಅದಕ್ಕೆ ಕೋಳಿಕಾಲು ಎಂದು ಹೆಸರಿಟ್ಟೆ. ಎರಡು ಕೋಳಿಕಾಲು ಮೂತಿಗೆ ಮೂತಿ ತಾಗಿಸಿಕೊಂಡಿರುವುದೂ ಒಂದಿತ್ತು. ಎಷ್ಟು ಮುದ್ದಾಗಿದೆ, ಮುತ್ತಿಡುವ ಹಾಗೆ! "ಇದೇನು ಮಾವ, ಮದುವೆಯಾದ ಬಂದೂಕಾ?" ಅಂದೆ. "ಸೇವೆಯಿಂದ ಹೊರಗೆ ಹಾಕಿ ಮಾರಿದ ಮಾಲು," ಎಂದರು ಗೋಡೆಗೆ. ಛೆ.

ಮೇಲಧಿಕಾರಿ ಬಂದಿದ್ದರು. ಈ ಸೆಖೆಯಲ್ಲೂ ಕೋಟು. ಎಲ್ಲರೂ ಅವರನ್ನು ಕೋಟು ಸಾಹೇಬರು ಅನ್ನುತ್ತಾರೆ. "ಎಷ್ಟಾಯ್ತು?" ಅಂದರು. ಮೂರು ದಿನಕ್ಕೆ ಹದಿನಾಲ್ಕು ಆಗಿತ್ತು. ಇರುವುದು ಇನ್ನೂರ ಹತ್ತು. ಅವರು ಕೋಟಿನ ಗುಂಡಿ ಹಾಕಿಕೊಂಡು ಹೋದರು.

ನಾಳೆ ಮಾವನ ಕಣ್ಣಿಗೆ ಆಪರೇಷನ್. ಹತ್ತು ದಿನ ಅವರು ಕೆಲಸಕ್ಕೆ ಬರುವಂತಿಲ್ಲ. ನನಗೆ ಹೇಳಿದ್ದು, ಅಂದರೆ ಗೋಡೆಗೆ ಹೇಳಿದ್ದು: "ಧೂಳು ಹೊಡೀಬಹುದು. ಓದೋಕಾದ್ದು ಬರೀಬಹುದು." ಹತ್ತು ದಿನ! ಅವರು ವಾಪಸ್ ಬರುವಷ್ಟರಲ್ಲಿ ಎಂಥ ಸರ್ಪ್ರೈಸ್ ಕೊಡಬಹುದು!

ಫೆಬ್ರವರಿ ೮, ಶನಿವಾರ

ಕೊಟ್ಟೇಬಿಟ್ಟೆ ಸರ್ಪ್ರೈಸ್! ಅಂದರೆ ಅವರು ಬಂದಾಗ ನೋಡುತ್ತಾರೆ.

ಒಂದನೇ ಚೌಕಟ್ಟಿನ ಹನ್ನೆರಡು ಬಿಲ್ಲೆಗಳು ಕಪ್ಪಗೆ ಮಂಕಾಗಿದ್ದವು, ಒಂದಕ್ಷರ ಕಾಣುತ್ತಿರಲಿಲ್ಲ. ಬೀಗದ ಅಂಗಡಿಯಿಂದ ಸಣ್ಣ ಸ್ಕ್ರೂಡ್ರೈವರ್ ತಂದು ಹನ್ನೆರಡನ್ನೂ ಬಿಚ್ಚಿದೆ. ಒಂದು ಬಕೆಟ್ಟಿಗೆ ಬಿಸಿನೀರು, ನಿಂಬೆಹುಳಿ, ಉಪ್ಪು. ಒಂದು ಗಂಟೆ ನೆನೆಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ ನೋಡಿ, ಬಂಗಾರ! ಈಗ ಪ್ರತಿಯೊಂದು ಅಕ್ಷರವೂ ಓದಲು ಬರುತ್ತದೆ. ಇನ್ನೊಂದು ಸಂಗತಿ ಗೊತ್ತಾ, ಎರಡು ಬಿಲ್ಲೆಗಳ ಹಿಂಬದಿಯಲ್ಲೂ ಅಕ್ಷರ ಇದ್ದವು! ಮೊದಲು ಒಂದು ಪಟಾಲಂ, ಆಮೇಲೆ ಮಗುಚಿ ಇನ್ನೊಂದು. ಒಳಗೊಂದು ಹೊರಗೊಂದು, ಕಳ್ಳ ಬಿಲ್ಲೆಗಳು.

ತಿರುಗಿ ಹಾಕುವಾಗ ಯಾವುದು ಎಲ್ಲಿಯದು ಎಂದು ಒಂದು ಕ್ಷಣ ಗೊಂದಲವಾಯಿತು. ಆದರೆ ಎಲ್ಲ ಒಂದೇ ಅಳತೆ, ಎಲ್ಲಿ ಬೇಕಾದರೂ ಕೂರುತ್ತವೆ. ಸಂಜೆ ನಾಲ್ಕಕ್ಕೆಲ್ಲ ಹನ್ನೆರಡೂ ಹಾಕಿ ಮುಗಿಸಿದೆ.

ಬೆರಳೆಲ್ಲ ನಿಂಬೆಯ ವಾಸನೆ. ಇವರು ನನ್ನ ಕೈ ಮೂಸಿ, "ಪಾತ್ರೆ ತೊಳೆಯೋಕೆ ಸೇರ್ಕೊಂಡಿದೀಯಾ, ಬಂದೂಕು ಓದೋಕಾ?" ಅಂದರು. ಹೋಗ್ರೀ.

ಫೆಬ್ರವರಿ ೧೦, ಸೋಮವಾರ

ಸಿಕ್ಕಿತು! ದೇವರೇ, ಸಿಕ್ಕೇಬಿಟ್ಟಿತು!

ಬೆಳಿಗ್ಗೆ ಮ್ಯೂಸಿಯಮ್ಮಿಗೆ ಒಂದು ಕಾಗದ ಬಂತು. ಕೋಟು ಸಾಹೇಬರು ಓದದೆಯೇ ನನ್ನ ಮೇಜಿಗೆ ಎಸೆದರು. ದೂರದ ಊರಿನ ಒಬ್ಬ ಅಜ್ಜಿ ಬರೆದದ್ದು, ಎಪ್ಪತ್ತು ದಾಟಿದವರು. ಅವರ ಅಜ್ಜ ವಾಲಂಟಿಯರ್ ಪಟಾಲಂ ಸೇರಿ ಯುದ್ಧಕ್ಕೆ ಹೋದವರು ಹಿಂದಿರುಗಲೇ ಇಲ್ಲ. ಗೋರಿಯೂ ಇಲ್ಲ, ಫೋಟೋವೂ ಇಲ್ಲ. ಅವರು ಹೊರಟ ಮೇಲೆ ಈ ಅಜ್ಜಿಯ ತಾಯಿ ಹುಟ್ಟಿದ್ದು. ಉಳಿದದ್ದು ಹೆಂಡತಿಗೆ ಬರೆದ ಒಂದು ಕಾಗದ. ಅದರಲ್ಲಿ ಇದೆಯಂತೆ: "ನನ್ನ ಬಂದೂಕಿನ ಸಂಖ್ಯೆ ನಾನೂರ ಹದಿನೇಳು. ರಾತ್ರಿ ನನ್ನ ಪಕ್ಕದಲ್ಲೇ ಮಲಗುತ್ತದೆ. ನಿನ್ನಷ್ಟು ಗೊರಕೆ ಹೊಡೆಯುವುದಿಲ್ಲ."

ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು ನನಗೆ. ನಮ್ಮ ಮದುವೆಯಾಗಿ ಈಗ ಹತ್ತೊಂಬತ್ತಲ್ಲ, ಇಪ್ಪತ್ತಾರು ದಿನ. ಇವರು ಹೀಗೆ ಹೊರಟುಹೋದರೆ?

ಆ ಪಟಾಲಮ್ಮಿನ ಬಂದೂಕುಗಳನ್ನು ಆಮೇಲೆ ಹಲವು ಕಡೆಗೆ ಹಂಚಿಬಿಟ್ಟರಂತೆ. ಅಜ್ಜಿ ವರ್ಷಗಳಿಂದ ಹುಡುಕುತ್ತಿದ್ದಾರೆ. "ಅವರ ಕೈ ತಾಗಿದ್ದು ಈ ಲೋಕದಲ್ಲಿ ಬೇರೇನೂ ಉಳಿದಿಲ್ಲ. ಒಮ್ಮೆ ಮುಟ್ಟಬೇಕು," ಎಂದು ಬರೆದಿದ್ದಾರೆ.

ನಾನು ಶನಿವಾರ ಉಜ್ಜಿದ ಬಿಲ್ಲೆಗಳ ಹತ್ತಿರ ಓಡಿದೆ. ಎಡದಿಂದ ಏಳನೆಯದು. ಅದೇ ಪಟಾಲಂ. ವಿ. ನಾನೂರ ಹದಿನೇಳು. ಫಳಫಳ ಹೊಳೆಯುತ್ತಿತ್ತು!

ಯಾರನ್ನೂ ಕೇಳಲಿಲ್ಲ, ಕೂತಲ್ಲೇ ಉತ್ತರ ಬರೆದು ಅಂಚೆಗೆ ಹಾಕಿದೆ. ಎರಡು ಪುಟ! ನಿಮ್ಮ ಅಜ್ಜನ ಬಂದೂಕು ಸಿಕ್ಕಿದೆ, ನಮ್ಮಲ್ಲೇ ಇದೆ, ನಾನೇ ಕೈಯಾರೆ ಹೊಳಪು ಕೊಟ್ಟಿದ್ದೇನೆ, ಬನ್ನಿ ಬನ್ನಿ ಬನ್ನಿ!

ಫೆಬ್ರವರಿ ೧೧, ಮಂಗಳವಾರ

ಕೋಟು ಸಾಹೇಬರು ಮೊದಲ ಸಲ ನನ್ನನ್ನು ನೋಡಿ ನಕ್ಕರು. ಪತ್ರಿಕೆಯವರಿಗೆ ಫೋನ್ ಮಾಡಿದರು. ಬಂದೂಕಿನ ಕೆಳಗೆ ಅಂಟಿಸಲು ದೊಡ್ಡ ಚೀಟಿ ಅಚ್ಚು ಹಾಕಿಸುತ್ತಾರಂತೆ. ನನ್ನ ಹೆಸರು ಪತ್ರಿಕೆಯಲ್ಲಿ! ತವರಿಗೆ ಹತ್ತು ಪ್ರತಿ ಕಳಿಸಬೇಕು.

ಫೆಬ್ರವರಿ ೧೨, ಬುಧವಾರ

ಮಾವನ ಕಣ್ಣಿಗೆ ಪಟ್ಟಿ ಕಟ್ಟಿದೆ. ಪಟ್ಟಿ ಕಟ್ಟಿದ ಮೇಲೆ ಗೋಡೆ ಯಾವ ಕಡೆ ಇದೆ ಎಂದು ಅವರಿಗೂ ಸರಿಯಾಗಿ ಗೊತ್ತಾಗುವುದಿಲ್ಲ, ಹಾಗಾಗಿ ಗಾಳಿಗೆ ಮಾತಾಡುತ್ತಾರೆ. ದೊಡ್ಡತ್ತೆ ಅವರಿಗೆ ಊಟ ಮಾಡಿಸುತ್ತಿದ್ದರು. "ಈ ಮೂವತ್ತು ವರ್ಷ ಆ ಕಬ್ಬಿಣದ ಜೊತೆ ಏನು ಸಂಸಾರ ಮಾಡಿದೆಯೋ ನೀನು," ಅಂದರು.

ಮಾವ ಹೇಳಿದರು: "ಬಂದೂಕೆಲ್ಲ ಒಂದೇ ಥರ ಅಕ್ಕ. ಬಿಲ್ಲೆ ಒಂದೇ ಅದರ ಹೆಸರು. ಆ ಬಿಲ್ಲೆ ಆ ಮರದಲ್ಲಿ ಇರೋತನಕ ಅದು ಯಾರೋ ಒಬ್ಬನದು. ಕಿತ್ತರೆ, ಮುಗೀತು, ಅದು ಯಾರದೂ ಅಲ್ಲ."

ನನ್ನ ಕೈಯಲ್ಲಿ ನೀರಿನ ಲೋಟ ಇತ್ತು.

ಫೆಬ್ರವರಿ ೧೩, ಗುರುವಾರ

ಏಳನೆಯದರಲ್ಲಿ ಮೊದಲಿದ್ದ ಬಿಲ್ಲೆಯೇ ಮತ್ತೆ ಅಲ್ಲಿ ಕೂತಿರಬಹುದಲ್ಲ? ಹನ್ನೆರಡರಲ್ಲಿ ಒಂದು ಸರಿಯಾಗಿ ಬಂದಿರಬಹುದಲ್ಲ? ಬೆಳಿಗ್ಗೆಯಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ನೆನಪಿರುವುದು ಬಕೆಟ್ಟು, ನಿಂಬೆ, ನಾನು ಗುನುಗುತ್ತಿದ್ದ ಹಾಡು. ಬಿಲ್ಲೆಗಳನ್ನು ಒಂದು ಹಿಡಿಯಲ್ಲಿ ಬಾಚಿ ನೀರಿಗೆ ಹಾಕಿದ್ದು ಮಾತ್ರ ಬಹಳ ಚೆನ್ನಾಗಿ ನೆನಪಿದೆ.

ಫೆಬ್ರವರಿ ೧೫, ಶನಿವಾರ

ಇವರಿಗೆ ಹೇಳಿದೆ. ಇವರು ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುವವರು. ಒಂದು ಗೀಟು ಸೊಟ್ಟಗಾದರೆ ಇಡೀ ಹಾಳೆ ಹರಿದು ಹಾಕುತ್ತಾರೆ. ಏನಾದರೂ ದಾರಿ ಹೇಳುತ್ತಾರೆ ಅಂದುಕೊಂಡಿದ್ದೆ.

"ಹೇಳಬೇಡ," ಅಂದರು. "ಅಪ್ಪನಿಗೆ ಗೊತ್ತಾದ್ರೆ ಮನೇಲಿ ಆರು ತಿಂಗಳು ಮಾತು ಬಂದ್. ಯಾರಿಗೆ ತಿಳಿಯುತ್ತೆ? ಒಂದೇ ಥರ ಹನ್ನೆರಡು ಬಂದೂಕು, ಯಾವುದಾದ್ರೇನು?"

"ಆ ಅಜ್ಜಿಗೆ?"

"ಆ ಅಜ್ಜಿಗೆ ಸಂತೋಷ ಆಗುತ್ತೆ ತಾನೇ. ಬಿಡು."

ಸರಿ ಅನ್ನಿಸಿತು. ನಿಜವಾಗಿ ಸರಿ ಅನ್ನಿಸಿತು. ಆಮೇಲೆ ತರಕಾರಿ ಹೆಚ್ಚುವಾಗ ಸರಿ ಅನ್ನಿಸಲಿಲ್ಲ. ಇವರು ಬೇರೇನಾದರೂ ಹೇಳಬೇಕಿತ್ತೇ? ಏನು ಹೇಳಬೇಕಿತ್ತು ಅಂತ ನನಗೂ ಗೊತ್ತಿಲ್ಲ. ತಲೆಯಲ್ಲಿ ಹತ್ತಿ ತುಂಬಿದ ಹಾಗಿದೆ.

ಫೆಬ್ರವರಿ ೧೭, ಸೋಮವಾರ

ಮಾವ ಕೆಲಸಕ್ಕೆ ಬಂದರು. ಕಪ್ಪು ಕನ್ನಡಕ. ಬಂದವರೇ ಒಂದನೇ ಚೌಕಟ್ಟಿನ ಮುಂದೆ ನಿಂತು ಹೆಬ್ಬೆರಳಿನಿಂದ ಒಂದೊಂದೇ ಬಿಲ್ಲೆ ಸವರುತ್ತ ಹೋದರು. ಹನ್ನೆರಡನೆಯದರ ಹತ್ತಿರ ಸ್ವಲ್ಪ ಹೊತ್ತು ನಿಂತರು. "ಒಂದನೇ ಚೌಕಟ್ಟು ಬಹಳ ಹೊಳೀತಾ ಇದೆ," ಎಂದರು ಗೋಡೆಗೆ.

ಹೊಗಳಿದರಾ? ಬೈದರಾ? ಅವರ ಮುಖ ನೋಡಿದರೆ ಕನ್ನಡಕ.

ಅಜ್ಜಿಯಿಂದ ಉತ್ತರ ಬಂದಿಲ್ಲ. ಕೋಟು ಸಾಹೇಬರು ದಿನಾ ಕೇಳುತ್ತಾರೆ. ಬರದಿದ್ದರೆ ಒಳ್ಳೆಯದು ಎಂದು ನಾನು, ಬರಲಿ ಎಂದೂ ನಾನೇ.

ಫೆಬ್ರವರಿ ೧೯, ಬುಧವಾರ

ಚೀಟಿ ಅಚ್ಚಾಗಿ ಬಂತು. ದಪ್ಪ ಕಾಗದ, ಸುತ್ತ ಚಿನ್ನದ ಗೆರೆ. "ಮೊಮ್ಮಗಳು ಮತ್ತೆ ಕಂಡುಕೊಂಡ ಬಂದೂಕು" ಎಂದು ಶುರುವಾಗುತ್ತದೆ. ಕೋಟು ಸಾಹೇಬರು ಗೋಂದಿನ ಡಬ್ಬಿ, ಕುಂಚ ನನ್ನ ಕೈಗೆ ಕೊಟ್ಟು, "ನೀವೇ ಅಂಟಿಸಿ, ಗೌರವ ನಿಮ್ಮದು," ಎಂದು ಹೋದರು.

ಏಳನೆಯ ಬಂದೂಕಿನ ಮುಂದೆ ನಿಂತೆ. ಕುಂಚದಿಂದ ಗೋಂದು ನನ್ನ ಚಪ್ಪಲಿ ಮೇಲೆ ತೊಟ್ಟಿಕ್ಕಿತು. ಎಷ್ಟು ಹೊತ್ತು ನಿಂತಿದ್ದೆನೋ. ಮಾವ ಕೋಣೆಯ ಆ ತುದಿಯಲ್ಲಿ ಮರಕ್ಕೆ ಎಣ್ಣೆ ತಿಕ್ಕುತ್ತಿದ್ದರು.

"ಮಾವ, ಬಿಲ್ಲೆಗಳನ್ನ ನಾನು ಬಿಚ್ಚಿದ್ದೆ. ಹನ್ನೆರಡೂ. ಬಕೆಟ್ಟಿಗೆ ಹಾಕಿ ತೊಳೆದೆ. ಯಾವುದು ಎಲ್ಲಿಯದು ಗೊತ್ತಿಲ್ಲ."

ಎಣ್ಣೆ ತಿಕ್ಕುವ ಸದ್ದು ನಿಂತಿತು. ಮಾವ ನನ್ನ ಕಡೆ ತಿರುಗಿದರು.

"ಬುದ್ಧಿ ಎಲ್ಲಿಟ್ಟು ಬಂದಿದ್ದೆ ಪೆದ್ದೀ, ಬಕೆಟ್ಟಲ್ಲಾ?"

ನಾನು ಕುಂಚವನ್ನು ಡಬ್ಬಿಯೊಳಗೆ ಇಟ್ಟೆ.

"ಸ್ಕ್ರೂ ತಲೆಯ ಗೀರು ನಾನು ಯಾವತ್ತೂ ಬಂದೂಕಿನ ನಳಿಕೆ ಕಡೆಗೇ ಮುಖ ಮಾಡಿ ಬಿಗಿಯೋದು. ಸೋಮವಾರ ಬಂದು ನೋಡಿದ್ರೆ ಹನ್ನೆರಡೂ ಹನ್ನೆರಡು ದಿಕ್ಕಿಗೆ ನೋಡ್ತಿದ್ವು, ಜಾತ್ರೇಲಿ ಕಳೆದುಹೋದ ಮಕ್ಕಳ ಥರ. ಅದಕ್ಕೆ ಕಣ್ಣು ಬೇಕಾ? ಹೆಬ್ಬೆರಳು ಸಾಕು."

"ಗೊತ್ತಿದ್ದೂ ಯಾಕೆ ಕೇಳಲಿಲ್ಲ ನೀವು?"

"ಕೇಳೋದು ನನ್ನ ಕೆಲಸವಾ, ಹೇಳೋದು ನಿನ್ನ ಕೆಲಸವಾ?" ಅಂದರು. ಆಮೇಲೆ, "ಆ ಗೋಂದು ಮುಚ್ಚಿಡು, ಒಣಗುತ್ತೆ. ಸಣ್ಣ ಸ್ಕ್ರೂಡ್ರೈವರ್ ತಗೊಂಡು ಬಾ."

ನನ್ನಪ್ಪ ಕೂಡ ನನ್ನನ್ನು ಪೆದ್ದಿ ಅಂದಿಲ್ಲ. ಅಳು ಬರಬೇಕಿತ್ತು, ಬರಲಿಲ್ಲ. ಊಟಕ್ಕೆ ಎರಡು ಸಲ ಬಡಿಸಿಕೊಂಡೆ. "ಏನಾಯ್ತೇ ಇವಳಿಗೆ, ಇವತ್ತು ಹೊಟ್ಟೆಗೆ ಬಾಗಿಲು ಬಂದಿದೆ," ಅಂದರು ದೊಡ್ಡತ್ತೆ.

ಫೆಬ್ರವರಿ ೨೦, ಗುರುವಾರ

ಹನ್ನೆರಡನ್ನೂ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಈ ಸಲ ಪ್ರತಿಯೊಂದರ ಕೆಳಗೂ ಚೀಟಿ.

ಮಾವ ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದರು. ಮೂವತ್ತೊಂದು ವರ್ಷ ವಾರಕ್ಕೊಮ್ಮೆ ಒರೆಸಿದ ಬಿಲ್ಲೆಗಳು. "ಇದರ ಅಂಚು ನಾಯಿ ಕಚ್ಚಿದ ಹಾಗಿದೆ, ಇದು ಸುಟ್ಟ ಗುರುತಿರೋ ಬಂದೂಕಿನದು. ಇದು ಮಧ್ಯದಲ್ಲಿ ತಗ್ಗು, ಕೊನೆಯದರದು." ಹೀಗೆ ಐದು ಸಿಕ್ಕವು. ಆರನೆಯದರಲ್ಲಿ ತಡವರಿಸಿದರು. "ನೀನು ಉಜ್ಜಿ ಉಜ್ಜಿ ಅದರ ಮೂಗು ಬಾಯಿ ಎಲ್ಲ ಅಳಿಸಿದೀಯ," ಅಂದರು.

ಫೆಬ್ರವರಿ ೨೧, ಶುಕ್ರವಾರ

ಇನ್ನೂ ಮೂರು. ಬಿಲ್ಲೆಗಳು ಒಂದೇ ಅಳತೆ ಅಂದುಕೊಂಡಿದ್ದೆ. ಬಿಲ್ಲೆ ಹೌದು, ಮರ ಅಲ್ಲ. ಅಷ್ಟು ವರ್ಷ ಒಣಗಿ, ಬಿಲ್ಲೆ ಕೂರುವ ಒಂದೊಂದು ಗುಂಡಿ ಒಂದೊಂದು ಥರ ಬಿಗಿದಿದೆ. ತನ್ನ ಬಿಲ್ಲೆ ಬಂದರೆ ಒಂದು ಸಣ್ಣ ಸದ್ದಾಗುತ್ತದೆ, ಡಬ್ಬಿಯ ಮುಚ್ಚಳ ಕೂತ ಹಾಗೆ. ಆ ಶನಿವಾರ ತಿರುಗಿ ಹಾಕುವಾಗ ನನಗೆ ಅದು ಕೇಳಿಸಲೇ ಇಲ್ಲ. ಹಾಡುತ್ತಿದ್ದೆನಲ್ಲ.

ಫೆಬ್ರವರಿ ೨೪, ಸೋಮವಾರ

ಇವತ್ತು ಎರಡು, ಅದೂ ನಾನೇ ಕಂಡದ್ದು.

ಭಾನುವಾರ ಪೂರ್ತಿ ಹಿಂಬದಿಯಲ್ಲೂ ಅಕ್ಷರವಿದ್ದ ಆ ಎರಡು ಬಿಲ್ಲೆಗಳ ಬಗ್ಗೆ ಯೋಚಿಸುತ್ತಿದ್ದೆ. ಬೆಳಿಗ್ಗೆ ಟಾರ್ಚನ್ನು ಅಡ್ಡಕ್ಕೆ ಹಿಡಿದು ಖಾಲಿ ಗುಂಡಿಗಳ ತಳ ನೋಡಿದೆ. ನಾಲ್ಕರಲ್ಲಿ ಎರಡರ ಮರದಲ್ಲಿ ಕೂದಲೆಳೆಯಷ್ಟು ಗೀರುಗಳು. ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ ಅಕ್ಷರಗಳು. ಹಿಂಬದಿಯ ಅಕ್ಷರಗಳ ಅಂಚು ಅಷ್ಟು ವರ್ಷ ಮರಕ್ಕೆ ಒತ್ತಿ ಒತ್ತಿ ಅಚ್ಚಾಗಿವೆ. ಮಾವನನ್ನು ಕರೆದು ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನ ನಾನು ನೋಡಿರಲಿಲ್ಲ," ಅಂದರು. ಅಷ್ಟೇ.

ಈಗ ಉಳಿದದ್ದು ಎರಡು ಬಂದೂಕು, ಎರಡು ಬಿಲ್ಲೆ. ಎಡದಿಂದ ನಾಲ್ಕನೆಯದು, ಒಂಬತ್ತನೆಯದು. ಏಳನೆಯದು ಅಲ್ಲವೇ ಅಲ್ಲ. ಎರಡು ಬಿಲ್ಲೆಗಳಲ್ಲಿ ಒಂದು ನಾನೂರ ಹದಿನೇಳು, ಇನ್ನೊಂದು ಅದೇ ಪಟಾಲಮ್ಮಿನ ನಾನೂರ ಇಪ್ಪತ್ತೆರಡು. ಅದೇ ತಿಂಗಳು, ಅದೇ ವರ್ಷ. ಎರಡೂ ಎರಡರಲ್ಲೂ ಕೂರುತ್ತವೆ. ಎರಡರಲ್ಲೂ ಒಂದೇ ಸದ್ದು.

ಫೆಬ್ರವರಿ ೨೫, ಮಂಗಳವಾರ

ಇಡೀ ದಿನ ಪ್ರಯತ್ನಿಸಿದೆವು. ಆಗಲಿಲ್ಲ. "ಏನು ಬರೀಲಿ ಮಾವ?" ಅಂದೆ. "ಗೊತ್ತಿಲ್ಲ ಅಂತ ಬರಿ. ಪಟ್ಟಿಯಲ್ಲಿ ಅದಕ್ಕೂ ಜಾಗ ಇದೆ," ಅಂದರು.

ಆಗಲೇ ಕೋಟು ಸಾಹೇಬರು ಒಳಗೆ ಬಂದದ್ದು. ಚೀಟಿ ಇನ್ನೂ ಅಂಟಿಸಿಲ್ಲ ಯಾಕೆ ಎಂದರು. ನಾನು ಎಲ್ಲವನ್ನೂ ಹೇಳಿದೆ. ಅವರು ಕೂತುಕೊಂಡರು, ಎದ್ದರು, ಮತ್ತೆ ಕೂತರು.

"ಎರಡರಲ್ಲಿ ಒಂದಕ್ಕೆ ಹಾಕಿ ತೋರಿಸಿ, ಮುಗೀತು. ಆ ಅಜ್ಜಿ ಏನು ಬಂದೂಕನ್ನ ಮಾತಾಡಿಸ್ತಾರಾ?"

ಮಾವ ಗೋಡೆಗೆ ಹೇಳಿದರು: "ಈ ಕೋಣೇಲಿ ಸುಳ್ಳು ಚೀಟಿ ಅಂಟಿಸಬೇಕಾದ್ರೆ ಬೇರೆ ಕೈ ಹುಡುಕಬಹುದು."

"ತಪ್ಪು ಮಾಡಿದ್ದು ನಿಮ್ಮ ಸೊಸೆ ಕಣ್ರೀ! ಹೊರಗೆ ಗೊತ್ತಾದ್ರೆ ಮೂವತ್ತು ವರ್ಷದ ನಿಮ್ಮ ಹೆಸರೂ ಹೋಗುತ್ತೆ."

"ಕಾಗದ ನಾನೇ ಬರೀತೀನಿ," ಎಂದೆ. "ಮಾಡಿದ್ದು ನಾನು ಅಂತಲೇ ಬರೀತೀನಿ."

ಕೋಟು ಸಾಹೇಬರು ನನ್ನನ್ನೇ ನೋಡಿದರು. "ಬರೀರಿ. ಪತ್ರಿಕೆಯವರಿಗೆ ನಾನು ಮಾತು ಕೊಟ್ಟಾಗಿದೆ. ನಿಮ್ಮ ಕಾಗದ ಓದಿ ಆ ಅಜ್ಜಿ ಬರಲಿಲ್ಲ ಅಂದ್ರೆ ನೀವೂ ಬರಬೇಡಿ."

ಫೆಬ್ರವರಿ ೨೬, ಬುಧವಾರ

ಬರೆದೆ. ಒಂದೇ ಪುಟ. ನಾನು ಮೊದಲು ಬರೆದದ್ದು ಸರಿಯಲ್ಲ. ಬಿಲ್ಲೆ ನಮ್ಮಲ್ಲಿದೆ, ಅದು ನಿಜ. ಅದನ್ನು ಕಿತ್ತು ತೊಳೆದವಳು ನಾನು. ಹನ್ನೆರಡರಲ್ಲಿ ಹತ್ತನ್ನು ಹೀಗೆ ಹೀಗೆ ಗುರುತಿಸಿದೆವು. ಉಳಿದ ಎರಡರಲ್ಲಿ ನಿಮ್ಮ ಅಜ್ಜನದು ಯಾವುದೆಂದು ಗೊತ್ತಿಲ್ಲ. ಗೊತ್ತಾಗುವ ದಾರಿಯೂ ನಮಗೆ ಕಾಣುತ್ತಿಲ್ಲ. ಕ್ಷಮಿಸಿ.

ಅಂಚೆ ಪೆಟ್ಟಿಗೆಗೆ ಹಾಕುವಾಗ ಇವರು ಜೊತೆಗಿದ್ದರು. "ಹಾಕಲೇಬೇಕಾ?" ಅಂದರು. ಹಾಕಿದೆ. ಸ್ವಲ್ಪ ದೂರ ನಡೆದ ಮೇಲೆ, "ನಾನಾಗಿದ್ರೆ ಹಾಕ್ತಿರಲಿಲ್ಲ," ಎಂದು ಹೇಳಿ, ನನ್ನ ಚೀಲ ತಮ್ಮ ಹೆಗಲಿಗೆ ಹಾಕಿಕೊಂಡರು. ಅದು ಒಪ್ಪಿಗೆಯೋ ಅಲ್ಲವೋ. ಕೇಳಲಿಲ್ಲ.

ಮಾರ್ಚ್ ೧, ಶನಿವಾರ

ಉತ್ತರವಿಲ್ಲ. ಮೂರನೇ ಚೌಕಟ್ಟು ಮುಗಿಯಿತು. ಪಟ್ಟಿಯಲ್ಲಿ ಎರಡು ಕಡೆ "ಗೊತ್ತಿಲ್ಲ".

ಮಾರ್ಚ್ ೩, ಸೋಮವಾರ

ಉತ್ತರವಿಲ್ಲ. ಕೋಟು ಸಾಹೇಬರು ಬುಧವಾರದವರೆಗೆ ಕಾಯುತ್ತೇನೆ ಎಂದಿದ್ದಾರೆ. ಇವರು ಸಂಜೆ ಕಚೇರಿಯಿಂದ ನೇರ ಬಂದೂಕು ಕೋಣೆಗೆ ಬಂದರು. ಮದುವೆಯಾದ ಮೇಲೆ ಮೊದಲ ಸಲ. ಕೇಳದೆಯೇ ಟಾರ್ಚ್ ಹಿಡಿದು ನಿಂತರು. ಆರು ಬಂದೂಕು ಓದಿದೆ. ನಾಲ್ಕನೇ ಚೌಕಟ್ಟಿನಲ್ಲಿ ಒಂದು ಮೂರೂ ಅಲ್ಲದ, ಎಂಟೂ ಅಲ್ಲದ ಸಂಖ್ಯೆ. ಇವರು "ಎಂಟು ಅಂತ ಹಾಕು" ಅಂದರು. ಹಾಕಲಿಲ್ಲ. ಬೆಳಕಿನಲ್ಲಿ ಇನ್ನೊಮ್ಮೆ ನೋಡಬೇಕು.

"ಅಪ್ಪನ ಥರಾನೇ ಆಡ್ತೀಯ," ಅಂದರು. ಹಾಗೇನಿಲ್ಲಪ್ಪ.

ಮಾರ್ಚ್ ೫, ಬುಧವಾರ

ಕಾಗದ ಬಂತು. ಕೋಟು ಸಾಹೇಬರು ತಾವೇ ಒಡೆದು ಓದಿ ನನ್ನ ಮೇಜಿನ ಮೇಲಿಟ್ಟರು. ಮಾವ ಗಟ್ಟಿಯಾಗಿ ಓದು ಅಂದರು. ಓದಿದೆ. ಅದನ್ನು ಇಲ್ಲಿ ಹಾಗೇ ಬರೆದಿಡುತ್ತೇನೆ.

"ನಿಮ್ಮ ಮೊದಲ ಕಾಗದವನ್ನು ಡ್ರಾಯರಿನಲ್ಲಿ ಹಾಕಿಟ್ಟೆ. ಇದಕ್ಕೆ ಮೊದಲು ಎರಡು ಕಡೆಯಿಂದ ಇಷ್ಟೇ ಸಂತೋಷದ ಕಾಗದಗಳು ಬಂದಿದ್ದವು. ಹೋಗಿ ನೋಡಿದರೆ ಒಂದು ಕಡೆ ನನಗಾಗಿ ಸಂಖ್ಯೆಯನ್ನು ಹೊಸದಾಗಿ ಒತ್ತಿಸಿಟ್ಟಿದ್ದರು. ಮೂರನೆಯ ಸಲ ಅಷ್ಟು ದೂರ ಬರುವುದು ಬೇಡ ಅನ್ನಿಸಿತ್ತು.

"ಎರಡನೆಯ ಕಾಗದವನ್ನು ಮೂರು ಸಲ ಓದಿದೆ. ಗೊತ್ತಿಲ್ಲ ಎಂದು ನನಗೆ ಬರೆದವರು ನೀವೊಬ್ಬರೇ. ಶುಕ್ರವಾರ ಹಗಲಿನ ಪ್ಯಾಸೆಂಜರಿನಲ್ಲಿ ಬರುತ್ತೇನೆ. ಎರಡು ಬಂದೂಕುಗಳನ್ನೂ ಮೇಜಿನ ಮೇಲೆ ಇಡಿ. ಒಂದು ನನ್ನ ಅಜ್ಜನದು. ಇನ್ನೊಂದು ಅವರ ಜೊತೆ ನಡೆದ ಇನ್ಯಾರದೋ. ಅವನನ್ನು ಕೇಳಿಕೊಂಡು ಈವರೆಗೆ ಯಾರಾದರೂ ಬಂದಿದ್ದಾರೆಯೇ? ಇಲ್ಲದಿದ್ದರೆ ಎರಡನ್ನೂ ನಾನೇ ಮುಟ್ಟುತ್ತೇನೆ."

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ಮೇಜು ಖಾಲಿ ಮಾಡು. ಎರಡು ಕುರ್ಚಿ ಹಾಕು, ವಯಸ್ಸಾದವರು," ಅಂದರು. ಆಮೇಲೆ, "ಸ್ಟೇಷನ್ನಿಗೆ ಯಾರು ಹೋಗ್ತಾರೆ?"

ನಾನು ಹೋಗುತ್ತೇನೆ. ಮಾರ್ಚ್ ಏಳು, ಶುಕ್ರವಾರ, ಹಗಲು ಹನ್ನೊಂದೂ ಇಪ್ಪತ್ತರ ಪ್ಯಾಸೆಂಜರ್.